ಬುಷರಾಳ ಫೋಟೊ, ಯಾರದೋ ಕ್ಯೂಆರ್ ಕೋಡ್

ಮಾಟುಂಗ ಸ್ಟೇಷನ್ ಹತ್ತಿರ ಚೆನ್ನಯ ಅವರದೊಂದು ಸಣ್ಣ ಉಡುಪಿ ಹೋಟೆಲ್ ಇದೆ. ಅಲ್ಲಿಗೆ ಚಂದಾ ಕೇಳಿಕೊಂಡು ಬರುವವರು ಬಹಳ. ಮೊದಲೆಲ್ಲ ಅವರು ಯಾರನ್ನೂ ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಹೋದ ವರ್ಷ ವಾಟ್ಸ್ಆಪ್‌ನಲ್ಲಿ ಕಾಯಿಲೆ ಮಗುವೊಂದರ ಫೋಟೊ ಬಂತು. ಕನಿಕರಪಟ್ಟು ಹಣ ಹಾಕಿದರು. ಸ್ವಲ್ಪ ದಿನ ಕಳೆದ ಮೇಲೆ ಅದೇ ಫೋಟೊ ಬೇರೆ ಹೆಸರಿನಲ್ಲಿ ಮತ್ತೆ ಬಂತು. ಅಂದಿನಿಂದ ಚೆನ್ನಯ ಕೊಡುವುದನ್ನೇ ನಿಲ್ಲಿಸಿಬಿಟ್ಟರು.

ಅವರ ಹೆಂಡತಿ ನೀಲಾವತಿ ಕನ್ನಡ ಸಂಘದ ಮಹಿಳಾ ಬಳಗದಲ್ಲಿದ್ದಾರೆ. ಬಳಗದವರು ಮಕ್ಕಳ ಆಸ್ಪತ್ರೆಯೊಂದರ ಚಿಕಿತ್ಸಾ ನಿಧಿಗೆ ಹಣ ಕೂಡಿಸುತ್ತಿದ್ದರು. ಒಂದು ದಿನ ಬೆಳಗಿನ ತಿಂಡಿಯ ಗದ್ದಲ ಮುಗಿದ ಮೇಲೆ ನೀಲಾವತಿ ಆ ಆಸ್ಪತ್ರೆಯ ಸಮಾಜ ಸೇವಾ ವಿಭಾಗದ ನಮಿತಾಳನ್ನು ಹೋಟೆಲಿಗೆ ಕರೆತಂದರು. ನಮಿತಾ ಮುಲುಂಡ್‌ನಲ್ಲೇ ಹುಟ್ಟಿ ಬೆಳೆದವಳು. ಕನ್ನಡವನ್ನು ತಡವರಿಸಿ ಆಡುತ್ತಾಳೆ.

"ಚಂದಾದ ವಿಷಯ ನನ್ನ ಹತ್ರ ಮಾತಾಡುದೇ ಬೇಡ ಮಾರಾಯ್ತಿ," ಎಂದರು ಚೆನ್ನಯ. "ಒಮ್ಮೆ ಮೋಸ ಹೋದದ್ದು ಸಾಕು."

"ಎಲ್ಲರೂ ಮೋಸಗಾರರಾ? ಆ ಹುಡುಗಿ ಹೇಳುದನ್ನಾದ್ರೂ ಕೇಳಿ," ಎಂದರು ನೀಲಾವತಿ.

ಅಷ್ಟರಲ್ಲಿ ಚೆನ್ನಯರ ಫೋನ್ ರಿಂಗಾಯಿತು. ಬೈಕುಲ್ಲಾ ಮಾರ್ಕೆಟ್ಟಿನಿಂದ ಹೋಟೆಲಿಗೆ ದಿನವೂ ತರಕಾರಿ ತಂದುಕೊಡುವ ಸಾದಿಕ ಮಾಡಿದ್ದ. ವಿಜಯಪುರದ ಕಡೆಯವನು.

"ಅಣ್ಣಾರ, ಇವತ್ತ ಕಾಯಿಪಲ್ಯಾ ತರೂದು ಆಗೂದಿಲ್ರಿ. ಬುಷರಾಗ ಉಸಿರಾಡಾಕ ಆಗವಲ್ದು. ತುಟಿ ನೀಲಿ ಆಗ್ಯಾವ್ರಿ. ಮಕ್ಕಳ ದವಾಖಾನಿಗೆ ತಂದೀವಿ. ಇವತ್ತ ಹಾರ್ಟಿನ ಆಪರೇಷನ್ ಮಾಡಬೇಕಂತ..."

ಲೈನ್ ಕಟ್ಟಾಯಿತು. ಮತ್ತೆ ಮಾಡಿದರೆ ಹತ್ತಲಿಲ್ಲ.

ಬುಷರಾ ಸಾದಿಕನ ಮಗಳು, ಇನ್ನೂ ಶಾಲೆಗೆ ಸೇರದ ಮಗು. ಒಮ್ಮೊಮ್ಮೆ ಅಪ್ಪನ ಜೊತೆ ಬಂದು, ಬಾಗಿಲ ಬಳಿಯ ಮೇಜಿನಲ್ಲಿ ಕೂತು ಬನ್ಸ್ ತಿಂದು ಹೋಗುತ್ತಿದ್ದವಳು.

ಹೆಂಡತಿಗೆ ವಿಷಯ ಹೇಳುತ್ತಿರುವಾಗಲೇ ಫೋನಿಗೆ ಒಂದು ಮೆಸೇಜ್ ಬಂತು. ಮಾರ್ಕೆಟ್ಟಿನ ಪರಿಚಯದವರು ಕಳಿಸಿದ್ದು. ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿದ ಬುಷರಾಳ ಫೋಟೊ. ಕೆಳಗೆ ಕ್ಯೂಆರ್ ಕೋಡ್. ಮಧ್ಯಾಹ್ನದೊಳಗೆ ಹಣ ಕಟ್ಟದಿದ್ದರೆ ಆಪರೇಷನ್ ಇಲ್ಲ ಎಂದು ಹಿಂದಿಯಲ್ಲಿ ಬರೆದಿತ್ತು.

ಚೆನ್ನಯ ಹಣ ಕಳಿಸಲು ಹೊರಟರು.

"ಅಂಕಲ್, ಏಕ್ ಮಿನಿಟ್. ಸ್ಕ್ಯಾನ್ ಮಾಡ್ಬೇಡಿ," ಎಂದಳು ನಮಿತಾ.

"ಮಗುವಿಗೆ ಉಸಿರಾಡ್ಲಿಕ್ಕೆ ಆಗುದಿಲ್ಲ. ನಾನು ಎಂತಕ್ಕೆ ಕಾಯುದು?"

"ಬಚ್ಚಿ ನಮ್ಮ ಆಸ್ಪತ್ರೆಯಲ್ಲೇ ಇರಬಹುದು. ನಾನು ವಾರ್ಡಿಗೆ ಕೇಳ್ತೀನಿ. ಆ ಕೋಡ್‌ನಲ್ಲಿ ಯಾರ ಹೆಸರಿದೆ, ನೋಡಿ."

ಸಾದಿಕನ ಹೆಸರಿರಲಿಲ್ಲ. ಆಸ್ಪತ್ರೆಯ ಹೆಸರೂ ಇರಲಿಲ್ಲ. ಯಾರೋ ಗುರುತಿಲ್ಲದವನ ಹೆಸರು.

ನಮಿತಾ ವಾರ್ಡಿಗೆ ಫೋನ್ ಮಾಡಿದಳು. ಎಂಗೇಜ್ ಇತ್ತು. ಮತ್ತೆ ಮಾಡಿದಳು. ಚೆನ್ನಯ ಗಲ್ಲೆಯಿಂದ ಬಾಗಿಲಿಗೆ, ಬಾಗಿಲಿಂದ ಗಲ್ಲೆಗೆ ಓಡಾಡಿದರು. "ಹಣ ಇಲ್ಲದೆ ಆಪರೇಷನ್ ನಿಂತ್ರೆ ಯಾರು ಹೊಣೆ?" ಎಂದು ಗದರಿದರು.

ಕೊನೆಗೆ ಫೋನ್ ಹತ್ತಿತು. ನಮಿತಾ ಕೇಳಿಸಿಕೊಂಡು ತಲೆ ಎತ್ತಿದಳು.

"ನಮ್ಮಲ್ಲೇ ಇದ್ದಾಳೆ. ಥಿಯೇಟರ್ ಒಳಗೆ ಕರ್ಕೊಂಡು ಹೋದ್ರು. ಹಣಕ್ಕೋಸ್ಕರ ಯಾರೂ ನಿಲ್ಲಿಸಿಲ್ಲ. ಖರ್ಚು ನಿಧಿಯಿಂದ ಆಯ್ತು."

ಹೊತ್ತು ಕಳೆದ ಮೇಲೆ ಸಾದಿಕನೂ ಫೋನಿಗೆ ಸಿಕ್ಕಿದ. "ನಾ ಯಾರಿಗೂ ರೊಕ್ಕಾ ಕೇಳಿಲ್ರಿ ಅಣ್ಣಾರ. ದುವಾ ಮಾಡ್ರಿ ಅಂತ ನಮ್ಮ ತಮ್ಮ ಗ್ರೂಪಿಗೆ ಫೋಟೊ ಹಾಕಿದ್ದ, ಅಷ್ಟ." ಆ ಫೋಟೊವನ್ನು ಯಾರೋ ಕದ್ದು ತಮ್ಮ ಕೋಡ್ ಅಂಟಿಸಿದ್ದರು.

ಚೆನ್ನಯ ಕುರ್ಚಿ ಎಳೆದು ಕೂತರು. "ಹಾಗಾದ್ರೆ ಆ ನಿಧಿಗೆ ಹಣ ಕೊಟ್ಟದ್ದು ಯಾರು?"

"ಯಾರ್ಯಾರೋ, ಅಂಕಲ್. ಮೊದಲೇ ಕೊಟ್ಟಿಟ್ಟವರು. ಅವರು ಬುಷರಾನ್ನ ನೋಡೇ ಇಲ್ಲ. ಮಗು ಬಂದ್ಮೇಲೆ ಕಲೆಕ್ಷನ್ ಶುರು ಮಾಡಿದ್ರೆ ಟೈಮ್ ಸಿಗೋದಿಲ್ಲ." ನಮಿತಾ ಮುಂದುವರಿಸಿದಳು: "ನಿಧಿಯಲ್ಲಿ ಈಗ ಜಾಸ್ತಿ ಉಳಿದಿಲ್ಲ. ವಾರ್ಡ್‌ನಲ್ಲಿ ಇನ್ನೂ ಮಕ್ಕಳಿದ್ದಾರೆ."

"ನಾನು ಕೊಡುದನ್ನು ನಿಲ್ಲಿಸಿದ್ದು ತಪ್ಪಾಯ್ತು. ವಿಚಾರಿಸಿ ಕೊಡ್ಬೇಕಿತ್ತು," ಎಂದರು ಚೆನ್ನಯ. "ಸರಿಯಾಗಿ ಕೊಡುದು ಹೇಗೆ, ಹೇಳು."

"ಫಾರ್ವರ್ಡ್‌ನಲ್ಲಿ ಬಂದ ನಂಬರ್ ಬೇಡ. ಆಸ್ಪತ್ರೆಯ ಸ್ವಂತ ನಂಬರಿಗೆ ಫೋನ್ ಮಾಡಿ, ಇಲ್ಲಾಂದ್ರೆ ಬಂದೇ ಕೇಳಿ. ಆಸ್ಪತ್ರೆ ಹೆಸರಿನ ಖಾತೆಗೇ ಹಾಕಿ. ರಸೀದಿ ತಗೊಳ್ಳಿ. ಖರ್ಚು ಏನಾಯ್ತು ಅಂತ ಕೇಳಿ, ನಾವು ಬೇಜಾರು ಮಾಡ್ಕೊಳ್ಳೋದಿಲ್ಲ."

ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಗೆ ಹೋದರು. ಥಿಯೇಟರಿನ ಹೊರಗೆ ಸಾದಿಕ ಗೋಡೆಗೆ ಒರಗಿ ಕೂತಿದ್ದ. ಅವನ ಹೆಂಡತಿ ನೂರಜಹಾನ ನೀಲಾವತಿಯ ಕೈ ಹಿಡಿದವಳು ಬಿಡಲೇ ಇಲ್ಲ. ಬಾಗಿಲು ತೆರೆದಾಗಲೆಲ್ಲ ನಾಲ್ವರೂ ಎದ್ದು ನಿಲ್ಲುತ್ತಿದ್ದರು. ಬೇರೆ ಯಾರನ್ನೋ ಕರೆದಾಗ ಮತ್ತೆ ಕೂರುತ್ತಿದ್ದರು.

ಸಂಜೆಯ ಹೊತ್ತಿಗೆ ಡಾಕ್ಟರು ಹೊರಗೆ ಬಂದರು. ಆಪರೇಷನ್ ಆಗಿದೆ, ಕೆಲವು ದಿನ ಎಚ್ಚರಿಕೆಯಿಂದ ನೋಡಿಕೊಳ್ಳಬೇಕು ಎಂದರು. ಗಾಜಿನಾಚೆ ಮಲಗಿದ್ದ ಬುಷರಾಳ ತುಟಿ ಕೆಂಪಗಾಗಿತ್ತು. ನೂರಜಹಾನ ಆಗ ಅತ್ತಳು.

ಸಾದಿಕ ಮತ್ತು ಚೆನ್ನಯ ಸೇರಿ ಸೈಬರ್ ವಂಚನೆಯ ದೂರಿಗಿರುವ 1930 ನಂಬರಿಗೆ ಫೋನ್ ಮಾಡಿ ಕಳ್ಳ ಕೋಡ್‌ನ ಮೇಲೆ ದೂರು ಕೊಟ್ಟರು. ಬುಷರಾ ಗುಣವಾಗಿ ಮನೆಗೆ ಬಂದಳು. ಈಗ ಚೆನ್ನಯ ಮತ್ತು ಅಕ್ಕಪಕ್ಕದ ಹೋಟೆಲಿನವರು ತಿಂಗಳು ತಿಂಗಳೂ ನಿಧಿಗೆ ಕೈಲಾದಷ್ಟು ಹಾಕುತ್ತಾರೆ. ರಸೀದಿಯನ್ನು ಸಂಘದ ಸಭೆಯಲ್ಲಿ ಎಲ್ಲರೆದುರು ಓದುತ್ತಾರೆ.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಫೋನಿಗೂ ನಾಳೆ ಒಂದು ಮಗುವಿನ ಫೋಟೊ ಬರಬಹುದು. ಅವಸರದಲ್ಲಿ ಸ್ಕ್ಯಾನ್ ಮಾಡಬೇಡಿ. ಸುಳ್ಳಿರಬಹುದೆಂದು ಕೈಕಟ್ಟಿ ಕೂರಲೂ ಬೇಡಿ. ಆಸ್ಪತ್ರೆಗೆ ಫೋನ್ ಮಾಡಿ ಕೇಳಿ. ನಿಮ್ಮ ಬಳಗದಲ್ಲಿ, ಬಿಲ್ಡಿಂಗಿನಲ್ಲಿ ಈ ವಾರವೇ ಮಾತಾಡಿ, ಸ್ವಲ್ಪವಾದರೂ ಕೂಡಿಸಿ, ಆಸ್ಪತ್ರೆಯ ಖಾತೆಗೆ ಕಟ್ಟಿ. ಯಾವ ಮನೆಯ ಮಗು ಯಾವಾಗ ಆ ಬಾಗಿಲಿಗೆ ಬರುತ್ತದೋ ಗೊತ್ತಿಲ್ಲ. ಬಂದ ದಿನ ಹಣ ಅಲ್ಲಿರಬೇಕು.