ಸ್ಟೆನೋ ಮೇಡಂ ಸಂದರ್ಶನಕ್ಕೆ ಹೋದದ್ದು

ಕೋರ್ಟಿನಲ್ಲಿ ಇಪ್ಪತ್ತೆರಡು ವರ್ಷ ಬೇರೆಯವರ ಮಾತು ಬರೆದುಕೊಂಡ ಸ್ಟೆನೋ ಮೇಡಂಗೆ ಸ್ವಂತ ಮಾತು ಆಡುವುದೇ ಮರೆತುಹೋಗಿತ್ತು. ಜಡ್ಜರು ಹೇಳಿದರೆ ಪೆನ್ಸಿಲ್ ಓಡಬೇಕು, 'ಇದು ಬೇಡ' ಎಂದರೆ ನಿಲ್ಲಬೇಕು, ಅಷ್ಟೇ. ಅಂಥವರು ಈಗ ನಲವತ್ತಾರನೇ ವಯಸ್ಸಿನಲ್ಲಿ ಸಂಜೆಯ ಕಾನೂನು ಕಾಲೇಜಿಗೆ ಅರ್ಜಿ ಹಾಕಿದ್ದರು. ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ಅಂಕವೇ ಬಂದಿತ್ತು. ಉಳಿದದ್ದು ಸಂದರ್ಶನ. ಇಲ್ಲಿ ಮುಗ್ಗರಿಸಿದರೆ ಮುಂದಿನ ವರ್ಷದ ಮಾತೇ ಇಲ್ಲ, ವಯಸ್ಸಿನ ಮಿತಿ ದಾಟಿಹೋಗುತ್ತದೆ.

"ಅಮ್ಮ, ಅಲ್ಲಿ ಬಾಯಿಗೆ ಬೀಗ ಹಾಕ್ಕೊಂಡು ಕೂರ್ಬೇಡ," ಎಂದು ಮಗಳು ಕಾಲೇಜಿನ ಬಾಗಿಲ ತನಕ ಬಂದು ಹೇಳಿದ್ದಳು. "ನಿಂಗೇನ್ ಅನ್ಸುತ್ತೋ ಅದನ್ನ ಹೇಳು."

ಒಳಗೆ ಉದ್ದ ಮೇಜಿನ ಆಚೆ ಮೂವರು: ಪ್ರಿನ್ಸಿಪಾಲರು, ಒಬ್ಬ ಪ್ರಾಧ್ಯಾಪಕಿ, ಒಬ್ಬ ಹಿರಿಯ ವಕೀಲರು. ಕೂತ ತಕ್ಷಣ ಮೇಡಂ ಕೈ ತಾನಾಗಿಯೇ ಚೀಲದಿಂದ ನೋಟ್‌ಬುಕ್ಕು, ಪೆನ್ಸಿಲ್ ತೆಗೆಯಿತು. ಇವತ್ತು ಮಾತಾಡಬೇಕಾದವರು ತಾವೇ ಎಂದು ಪಾಪ ಆ ಕೈಗೇನು ಗೊತ್ತು!

ಪ್ರಾಧ್ಯಾಪಕಿ ಕೇಳಿದ ಮೊದಲ ಪ್ರಶ್ನೆಯನ್ನು ಪೂರ್ತಿ ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡು, ಮುಂದಿನದಕ್ಕೆ ಕಾದು ಕೂತರು. ಮೂವರೂ ಮುಖ ಮುಖ ನೋಡಿಕೊಂಡರು.

"ಉತ್ತರ ನೀವು ಹೇಳ್ಬೇಕಮ್ಮ," ಎಂದರು ಪ್ರಿನ್ಸಿಪಾಲರು.

ಮೇಡಂಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ತಡವರಿಸುತ್ತ ಏನೋ ಒಂದು ಹೇಳಿದರು.

ವಕೀಲರು ನಕ್ಕರು. "ಈ ವಯಸ್ಸಲ್ಲಿ ಲಾ ಓದಿ ಏನ್ ಮಾಡ್ತೀರಿ? ನಿಮ್ಮ ಹತ್ರ ಯಾರು ಕೇಸ್ ತರ್ತಾರೆ? ಸುಮ್ನೆ ಒಂದು ಸೀಟು ದಂಡ."

ಪ್ರಾಧ್ಯಾಪಕಿ ಹುಬ್ಬು ಗಂಟಿಕ್ಕಿದರು. ಮೇಡಂ ಪೆನ್ಸಿಲ್ ಓಡುತ್ತಿರುವುದು ಕಂಡು ಪ್ರಿನ್ಸಿಪಾಲರು ಕೆಮ್ಮಿ, "ಅದನ್ನ ಬರ್ಕೋಬೇಡಿ," ಎಂದರು.

ಇಪ್ಪತ್ತೆರಡು ವರ್ಷದಲ್ಲಿ ಆ ಮಾತಿಗೆ ಪೆನ್ಸಿಲ್ ನಿಲ್ಲದೆ ಇದ್ದದ್ದೇ ಇಲ್ಲ. ಎಷ್ಟು ಜನ ಸಾಕ್ಷಿಗಳಿಗಾದ ಅವಮಾನ ಹಾಗೆ ಹೇಳಹೆಸರಿಲ್ಲದೆ ಹೋಗಿತ್ತೋ! ಮೇಡಂಗೆ ಮೈಯೆಲ್ಲ ಉರಿಯಿತು. ಪೆನ್ಸಿಲ್ ಇವತ್ತು ಕೊನೆಯ ಪದದವರೆಗೂ ಓಡಿಯೇ ನಿಂತಿತು.

"ಬರ್ಕೊಂಡಾಯ್ತು ಸರ್," ಎಂದವರೇ ಅಷ್ಟನ್ನೂ ಒಂದಕ್ಷರ ಬಿಡದೆ ಓದಿದರು. ವಕೀಲರ ಮುಖ ಸಪ್ಪಗಾಯಿತು.

"ಲಾ ಓದಿ ಏನ್ ಮಾಡ್ತೀರಿ ಅಂದ್ರಲ್ಲ ಸರ್, ಹೇಳ್ತೀನಿ. ಇಂಥ ಮಾತು ಕೇಳಿಸ್ಕೊಂಡೋರು ಕಟಕಟೇಲಿ ಕಣ್ಣೀರು ಒರೆಸ್ಕೋತಾ ನಿಂತಿರ್ತಾರೆ. 'ಇದೂ ರೆಕಾರ್ಡಲ್ಲಿ ಇರ್ಲಿ' ಅಂತ ಅವರ ಪರ ಎದ್ದು ಹೇಳೋಕೆ ಒಬ್ರು ಬೇಕು. ಸ್ಟೆನೋ ಹೇಳೋ ಹಾಗಿಲ್ಲ. ವಕೀಲೆ ಹೇಳ್ಬಹುದು."

ಪ್ರಾಧ್ಯಾಪಕಿ ಅಂಕದ ಹಾಳೆಯನ್ನು ತಮ್ಮತ್ತ ಎಳೆದುಕೊಂಡು ಪೆನ್ನು ತೆಗೆದರು.

"ಇನ್ನೊಂದ್ಸಲ ನಿಧಾನಕ್ಕೆ ಹೇಳಿ ಮೇಡಂ," ಎಂದರು. "ಬರ್ಕೊಳ್ತೀನಿ."