ನೀಲಿ ಮುಚ್ಚಳದ ಮದ್ದು

ಏಸಿ ಆರಿಸಿ, ಕಿಟಕಿ ಗಾಜುಗಳನ್ನು ಪೂರ್ತಿ ಏರಿಸಿ, ಮೋಹನದಾಸ್ ಫೋನನ್ನು ಸ್ಟಿಯರಿಂಗಿಗೆ ಒರಗಿಸಿ ಇಟ್ಟ. ಏಸಿ ಇದ್ದರೆ ಅದರ ಸುಂಯ್ ಎನ್ನುವ ಸದ್ದು ಮಾತಿನೊಳಗೆ ಸೇರಿಕೊಳ್ಳುತ್ತದೆ. ಹಮ್ದಾನ್ ಸ್ಟ್ರೀಟಿನ ಆ ಕಟ್ಟಡದ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಬೆಳಗಿನ ಏಳು ಗಂಟೆಗೆ ಬೇರೆ ಸದ್ದಿರುವುದಿಲ್ಲ. ಎರಡು ನಿಮಿಷದಲ್ಲಿ ಅಂಗಿ ಬೆನ್ನಿಗೆ ಅಂಟಿತು. ಡ್ಯಾಶ್‌ಬೋರ್ಡಿನ ಮೇಲಿದ್ದ ಬೆರಳುದ್ದದ ಗಣಪತಿಗೆ ಕೈಮುಗಿದು, ಗಂಟಲು ಸರಿಮಾಡಿಕೊಂಡು ಅವನು ಶುರುಮಾಡಿದ.

"ಊರಿನವರಿಗೆಲ್ಲ ನಮಸ್ಕಾರ. ಅಬುಧಾಬಿಯಿಂದ ಮಾತಾಡ್ತಾ ಇದ್ದೇನೆ. ಹೆಸರು ಬೇಡ, ಸ್ವರ ಸಾಕು. ನಮ್ಮ ಇಸ್ತ್ರಿ ಅಣ್ಣನ ಹೊಸ ಪಟ ನೋಡಿದ್ರಾ? ಹದಿನೈದು ದಿವಸದಿಂದ ಬಿಸಿಲಲ್ಲಿ ಮತ ಕೇಳಿಕೊಂಡು ತಿರುಗ್ತಾ ಇದ್ದಾರಂತೆ ಮಾರಾಯ್ರೆ, ಅಂಗಿಯಲ್ಲಿ ಒಂದು ಮಡಿಕೆ ಇಲ್ಲ! ಗದ್ದೆಗೆ ಇಳಿದರೂ ಕೆಸರು ಒಂದೇ ಕಾಲಿಗೆ, ಅದೂ ಕ್ಯಾಮರಾದ ಕಡೆಯ ಕಾಲಿಗೆ. ಇವತ್ತು ಒಬ್ಬರು ಅಜ್ಜಿಯ ಕಣ್ಣೀರು ಒರೆಸ್ತಾ ಇದ್ದಾರೆ. ಆ ಕರವಸ್ತ್ರಕ್ಕೂ ಇಸ್ತ್ರಿ! ಇನ್ನು ಅಜ್ಜಿಯನ್ನು ನೋಡಿ, ಏನು ಆ್ಯಕ್ಟಿಂಗು! ಎಡಗಣ್ಣಿನಲ್ಲಿ ಮಾತ್ರ ನೀರು. ಬಲಗಣ್ಣಿನ ಪೇಮೆಂಟು ಇನ್ನೂ ಬರ್ಲಿಲ್ಲ ಕಾಣ್ತದೆ. ಗ್ಲಿಸರಿನ್ ಅಜ್ಜಿ! ನಮ್ಮ ಪಕ್ಷದ ಮಾಷ್ಟ್ರನ್ನು ನೋಡಿ, ಹರಿದ ಚಪ್ಪಲಿಯಲ್ಲಿ ಮನೆಮನೆಗೆ ಹೋಗ್ತಾರೆ. ಕಣ್ಣೀರು ಬಾಡಿಗೆಗೆ ತರುವವರಲ್ಲ."

ನಾಲ್ಕು ನಿಮಿಷ ಮಾತಾಡಿ, ಒಮ್ಮೆ ಕೇಳಿ, ನಕ್ಕು, ಪಕ್ಷದ ವಾಟ್ಸಾಪ್ ಗುಂಪಿಗೆ ಕಳಿಸಿದ. ಮೇಲೆ ಏಳನೆಯ ಮಹಡಿಯಲ್ಲಿ ಅವನ ಆಫೀಸು. ಅಲ್ಲಿ ಹಗಲಿಡೀ ಬೇರೆಯವರ ಕಾಗದಪತ್ರ ಜೋಡಿಸುವುದು, ನಂಬರು ಹಾಕುವುದು, ಕಪಾಟಿಗೆ ಸೇರಿಸುವುದು. ಹದಿನಾರು ವರ್ಷದಲ್ಲಿ ಅಲ್ಲಿ ಯಾರೂ ಅವನ ಅಭಿಪ್ರಾಯ ಕೇಳಿದ್ದಿಲ್ಲ. ಅಜ್ಜಿಯಿಂದ ಕತೆ ಕೇಳಿ ಬೆಳೆದವನ ಬಾಯಲ್ಲಿ ಮಾತಿನ ಏರಿಳಿತ ತಾನಾಗಿ ಕೂತಿತ್ತು, ಅದಕ್ಕೆ ಕಿವಿ ಸಿಕ್ಕಿರಲಿಲ್ಲ. ಈ ಚುನಾವಣೆ ಕಿವಿ ಕೊಟ್ಟಿತು. 'ಅಬುಧಾಬಿ ಸ್ವರ' ಎಂದರೆ ಊರಿನ ಮೀನು ಮಾರ್ಕೆಟಿನಿಂದ ಕ್ಷೌರದಂಗಡಿಯವರೆಗೆ ಗೊತ್ತು. ಆದರೆ ಸ್ವರ ಯಾರದು ಎಂದು ಪಕ್ಷದ ನಾಲ್ಕೇ ಜನರಿಗೆ ಗೊತ್ತಿತ್ತು. ಐದನೆಯವನು ಕಾನ್ರಾಡ್.

ಕಾನ್ರಾಡ್ ಹಮ್ದಾನ್ ಸ್ಟ್ರೀಟಿನದೇ ಒಂದು ಹೋಟೆಲಿನ ಲಾಂಡ್ರಿಯಲ್ಲಿ ಬಟ್ಟೆ ಇಸ್ತ್ರಿ ಮಾಡುವವನು. ಖಲೀಫಾ ಸಿಟಿಯಲ್ಲಿ, ಕೋಣೆಕೋಣೆಯಾಗಿ ಒಡೆದು ಬಾಡಿಗೆಗೆ ಕೊಟ್ಟ ಎರಡು ವಿಲ್ಲಾಗಳಲ್ಲಿ ಇಬ್ಬರ ವಾಸ. ನಡುವೆ ಒಂದು ಗೋಡೆ, ಒಂದು ಬೇವಿನ ಮರ. ಹನ್ನೊಂದು ವರ್ಷದಿಂದ ಬೆಳಿಗ್ಗೆ ಆರಕ್ಕೆ ಮೋಹನದಾಸನ ಕಾರು ಬೇವಿನ ಕೆಳಗೆ ನಿಲ್ಲುತ್ತಿತ್ತು. ಕಾನ್ರಾಡ್ ಹತ್ತಿದವನೇ ನಡುವಿನ ಎರಡೂ ಏಸಿ ಕಿಂಡಿಗಳನ್ನು ತನ್ನ ಮುಖಕ್ಕೆ ತಿರುಗಿಸಿಕೊಳ್ಳುತ್ತಿದ್ದ.

"ಪೊರ್ಬುಗಳಿಗೆ ಗಾಳಿ ಎಲ್ಲ ಬರೆದುಕೊಟ್ಟಿದ್ದಾರಾ?" ಎಂದು, ಊರಿನಲ್ಲಿ ಕ್ರೈಸ್ತರನ್ನು ಕರೆಯುವ ಹೆಸರು ಹಿಡಿದು ಮೋಹನದಾಸ್ ಕೇಳುವುದು, "ಹಗಲಿಡೀ ಇಸ್ತ್ರಿಪೆಟ್ಟಿಗೆ ಎದುರು ನಿಲ್ಲುವವನು ನಾನಾ ನೀನಾ?" ಎಂದು ಅವನು ಹೇಳುವುದು, ಇದು ದಿನದ ಮೊದಲ ಮಾತು. ಓಟಿನ ವಿಷಯದಲ್ಲಿ ಇಬ್ಬರದೂ ಬೇರೆ ಬೇರೆ ದಾರಿ. ಅದೂ ತಮಾಷೆಗೇ ಒದಗುತ್ತಿತ್ತು. "ಬೇಕಾದಷ್ಟು ಬೈ ಮಾರಾಯ, ಆದ್ರೆ ಇಸ್ತ್ರಿಯ ಹೆಸರು ಹಾಳು ಮಾಡ್ಬೇಡ. ಅದು ನಮ್ಮ ಅನ್ನ," ಎಂದು ಕಾನ್ರಾಡ್ ನಗುತ್ತಿದ್ದ.

ಗುರುವಾರ ಕಳಿಸಿದ ಆ ಮಾತು ಶನಿವಾರದ ಹೊತ್ತಿಗೆ ತಿರುಗಿ ತಿರುಗಿ ಅವನಿಗೇ ಮೂರು ಕಡೆಯಿಂದ ಬಂತು. ಸೋಮವಾರ ಕಾನ್ರಾಡ್ ಬೇವಿನ ಕೆಳಗೆ ಇರಲಿಲ್ಲ. 'ಬಸ್ಸಿನಲ್ಲಿ ಹೋಗ್ತೇನೆ' ಎಂದು ಮೆಸೇಜು. ಮಂಗಳವಾರವೂ ಅದೇ. ತನ್ನ ಅಭ್ಯರ್ಥಿ ಸೋಲುವ ಲಕ್ಷಣ ಕಂಡಿರಬೇಕು ಇವನಿಗೆ, ಎಂದು ಮೋಹನದಾಸ್ ಒಬ್ಬನೇ ನಕ್ಕ. ಬುಧವಾರ ನಗು ಬರಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ನಡೆದುಕೊಂಡು ಹೋಟೆಲಿನ ಹಿಂಬಾಗಿಲಿಗೆ ಹೋದ.

ಕಾನ್ರಾಡ್ ಬಿಳಿ ಚಾದರಗಳ ಗಾಡಿಯನ್ನು ಗೋಡೆಗೆ ತಾಗಿಸಿ ಹೊರಗೆ ಬಂದ. ಕುತ್ತಿಗೆಯಲ್ಲಿ ಟವೆಲು.

"ಎಂಥ ಕಾನ್ರಾಡ್, ಮುನಿಸಾ? ಸೋತ ಮೇಲೆ ಮುನಿಸಿಕೊಳ್ಳಲಿಕ್ಕುಂಟು, ಈಗಲೇ ಯಾಕೆ?"

ಕಾನ್ರಾಡ್ ಕೈಯನ್ನು ಟವೆಲಿಗೆ ಒರೆಸಿ, ಫೋನು ತೆಗೆದು, ಆ ಪಟವನ್ನು ತೆರೆದು ಎರಡು ಬೆರಳಿನಿಂದ ದೊಡ್ಡದು ಮಾಡಿ ಹಿಡಿದ. ಕರವಸ್ತ್ರ ಹಿಡಿದ ಕೈ. ಅದರ ಹಿಂದೆ ಅರ್ಧ ಮುಚ್ಚಿಹೋದ ಮುದಿ ಮುಖ. ಪಕ್ಕದ ಜಗಲಿಕಟ್ಟೆಯ ಮೇಲೆ ಮಲ್ಲಿಗೆ ಮೊಗ್ಗಿನ ತಟ್ಟೆ, ಬಾಳೆನಾರು. ತಟ್ಟೆಗೆ ಒರಗಿಕೊಂಡು ಹೆಬ್ಬೆರಳುದ್ದದ ಒಂದು ಬಾಟ್ಲಿ. ನೀಲಿ ಮುಚ್ಚಳ.

ಆ ಬಾಟ್ಲಿ ಅವನಿಗೆ ಗೊತ್ತು. ಕಳೆದ ರಜೆಯಲ್ಲಿ ಊರಿಗೆ ಹೋಗುವಾಗ ಕಣ್ಣಿನ ಮದ್ದಿನ ಅಂಥ ಮೂರು ಬಾಟ್ಲಿಗಳನ್ನು ಐಸಿನ ಚೀಲದಲ್ಲಿ ಸುತ್ತಿ ಕೈಚೀಲದಲ್ಲಿ ಒಯ್ದವನು ಅವನೇ. ಎಡಗಣ್ಣಿನ ಪೊರೆ ತೆಗೆಸಿದ ಮೇಲೆ ಕಾನ್ರಾಡನ ತಾಯಿ ಮಾರ್ಟಿನಾ ಬಾಯಿಯ ಆ ಕಣ್ಣಿನಿಂದ ನೀರು ಸುರಿಯುವುದು ನಿಂತಿರಲಿಲ್ಲ. ಅದೇ ಜಗಲಿಯಲ್ಲಿ ಕೂತು ಅವನು ಅವಳ ಕೈಯ ಇಡ್ಲಿಯಂಥ ಸಣ್ಣಪ್ಪ, ಕೋಳಿಸಾರು ಉಂಡಿದ್ದ. ಉಣ್ಣುವಾಗ ಅವಳು ಎಡಗಣ್ಣು ಒರೆಸಿಕೊಳ್ಳುತ್ತ, "ಇದು ಅಳು ಅಲ್ಲ ಮಗಾ, ಹೆದರ್ಬೇಡ," ಎಂದಿದ್ದಳು.

"ದೇವರೇ," ಎಂದ ಮೋಹನದಾಸ್. "ಅಮ್ಮನಾ?"

"ಭಾನುವಾರ ಇಗರ್ಜಿಗೆ ಹೋಗಿದ್ದಾಳೆ. ಮೆಟ್ಟಿಲ ಹತ್ತಿರ ಹುಡುಗರು, 'ಗ್ಲಿಸರಿನ್ ಬಾಯೀ, ಇವತ್ತು ಯಾವ ಕಣ್ಣು?' ಅಂತ ಕೇಳಿದ್ರಂತೆ. ಹೆಂಗಸರು ನಕ್ಕಿದ್ದಾರೆ. ಪೂಜೆಗೆ ನಿಲ್ಲದೆ ವಾಪಸು ಬಂದಿದ್ದಾಳೆ. ಐವತ್ತು ವರ್ಷದಲ್ಲಿ ಮೊದಲ ಸಲ. ಇನ್ನು ಹೋಗುವುದಿಲ್ಲ ಅಂತ ಕೂತಿದ್ದಾಳೆ."

"ನೀನು ಯಾಕೆ ನನಗೆ ಅವತ್ತೇ ಹೇಳ್ಲಿಲ್ಲ?"

"ಹೇಳಿ?" ಕಾನ್ರಾಡ್ ಗಾಡಿಯ ಕಡೆ ತಿರುಗಿದ. "ಖಲಾಸ್. ಹೋಗಿದೆ ಅದು. ನಾನೇನು ಮನೆಮನೆಗೆ ಹೋಗಿ ಹಿಡಿದು ತರ್ಲಿಕ್ಕುಂಟಾ?"

ಸಂಜೆ ಮೋಹನದಾಸ್ ಪುನಃ ನೆಲಮಾಳಿಗೆಯಲ್ಲಿ ಏಸಿ ಆರಿಸಿದ. ಪಟದ ಅಜ್ಜಿ ಯಾರ ಬಾಡಿಗೆಯವರೂ ಅಲ್ಲ, ಕಣ್ಣಿನ ಕಾಯಿಲೆಯವರು, ನಾನು ತಿಳಿಯದೆ ಹೇಳಿದೆ, ಕ್ಷಮಿಸಬೇಕು ಎಂದು ಒಂದೇ ನಿಮಿಷದಲ್ಲಿ ಹೇಳಿ ಕಳಿಸಿದ. ಹೆಸರು ಹೇಳಲಿಲ್ಲ. ಮೊದಲಿನದಕ್ಕೆ ನಗುವ ಮುಖಗಳು ಸಾಲುಗಟ್ಟಿದ್ದವು. ಇದಕ್ಕೆ ಒಂದು ಹೆಬ್ಬೆರಳು ಬಂತು, ಅದನ್ನೂ ಯಾರೋ ಅಳಿಸಿದರು. 'ಅಣ್ಣಾ, ನಿಮ್ಮನ್ನೂ ಕೊಂಡುಕೊಂಡ್ರಾ?' ಎಂದು ಒಬ್ಬ ಕೇಳಿದ. ಮರುದಿನ ಬೆಳಿಗ್ಗೆ ಆಚೆ ಪಕ್ಷದವರು ಅದರಿಂದ ಎಂಟು ಸೆಕೆಂಡು ಕತ್ತರಿಸಿ, ಇಸ್ತ್ರಿ ಅಣ್ಣನ ಪಟದ ಮೇಲೆ ಅಂಟಿಸಿ, 'ಅಬುಧಾಬಿ ಸ್ವರವೇ ಒಪ್ಪಿಕೊಂಡಿತು: ತಾಯಿಯ ಕಣ್ಣೀರು ನಿಜ' ಎಂದು ಹಂಚಿದರು. ಕಾಯಿಲೆಯ ಮಾತು ಅದರಲ್ಲಿ ಇರಲಿಲ್ಲ.

ಊರಿನಿಂದ ಶರ್ವಿನ್ ಫೋನು ಮಾಡಿದ. ಪಕ್ಷದ ಪ್ರಚಾರ ನೋಡಿಕೊಳ್ಳುವ ಹುಡುಗ.

"ಮೋಹನಣ್ಣ, ನಿಮ್ಮ ಮಂಡೆ ಸಮ ಉಂಟಾ? ಮತದಾನಕ್ಕೆ ಆರು ದಿವಸ ಇರುವಾಗ ಕ್ಷಮೆ ಕೇಳುವುದಾ?"

"ಅದು ನನಗೆ ಗೊತ್ತಿರುವ ಹೆಂಗಸು ಶರ್ವಿನ್. ನನ್ನ ಸ್ನೇಹಿತನ ಅಮ್ಮ."

"ಆಗಲಿ. ಯಾರು ಬೇಡ ಅಂದದ್ದು? ನೀವು ಹೇಗೂ ಮತ ಹಾಕ್ಲಿಕ್ಕೆ ಮಂಗಳವಾರ ಬರ್ತೀರಿ. ಬುಧವಾರ ಮುಗೀಲಿ. ಗುರುವಾರ ಹೋಗಿ ಆ ಅಜ್ಜಿಯ ಕಾಲಿಗೆ ಬೀಳಿ, ಫೋಟೋ ನಾನೇ ತೆಗೀತೇನೆ. ಅಲ್ಲಿಯವರೆಗೆ ಬಾಯಿಗೆ ಬೀಗ." ಅವನ ಹಿಂದೆ ಯಾರೋ ಕೂಗಿದರು. ಶರ್ವಿನ್ ಫೋನಿನಿಂದ ಮುಖ ತಿರುಗಿಸಿ, "ಮಾಷ್ಟ್ರ ಹರಿದ ಚಪ್ಪಲಿ ಡಿಕ್ಕಿಯಲ್ಲಿ ಉಂಟು ಮಾರಾಯ, ಕಾಲೊನಿ ಬಂದಾಗ ಕೊಡು, ಈಗಲೇ ಬೇಡ," ಎಂದ. ಆಮೇಲೆ, "ಹಲೋ, ಅಣ್ಣಾ? ಕೇಳಿಸ್ತಾ?"

ಕೇಳಿಸಿತು ಎಂದ ಮೋಹನದಾಸ್.

ಅದೇ ದಿನ ಸಂಜೆ ಅವನು ಗೋಡೆ ಬಳಸಿ ಕಾನ್ರಾಡನ ಕೋಣೆಗೆ ಹೋದ. ಕಾನ್ರಾಡ್ ಮಂಚದಲ್ಲಿ ಜಾಗ ಮಾಡಿಕೊಟ್ಟ. ಇಬ್ಬರೂ ಒಂದೊಂದು ಲೋಟ ಚಾ ಕುಡಿದರು. ಆಮೇಲೆ ಮೋಹನದಾಸ್, "ಅಮ್ಮನಿಗೆ ಫೋನು ಮಾಡಿಕೊಡು," ಎಂದ.

"ಬೈದರೆ?"

"ಬೈಯಲಿ."

ಊರಿನಲ್ಲಿ ಕಾನ್ರಾಡನ ಅತ್ತಿಗೆ ಕ್ರಿಸ್ಟಿನಾ ಫೋನು ತೆಗೆದು ಅತ್ತೆಯ ಎದುರು ಹಿಡಿದಳು. ಮಕ್ಕಳ ಗಲಾಟೆ, ಕುಕ್ಕರಿನ ಸೀಟಿ. ಮಾರ್ಟಿನಾ ಬಾಯಿ ಅಡುಗೆಮನೆಯ ಮಣೆಯ ಮೇಲೆ ಮಲ್ಲಿಗೆ ಕಟ್ಟುತ್ತಿದ್ದಳು. ಇಷ್ಟು ವರ್ಷ ಜಗಲಿಯಲ್ಲಿ ಕಟ್ಟುತ್ತಿದ್ದವಳು.

"ಯಾರು, ಮೋಹನನಾ?" ಎಂದು ತುಳುವಿನಲ್ಲೇ ಕೇಳಿದಳು. ಬೆರಳು ನಿಲ್ಲಲಿಲ್ಲ. "ನಿನ್ನ ಸ್ವರ ನನಗೆ ಮೊದಲ ದಿವಸವೇ ಗೊತ್ತಾಯ್ತು. ಇವಳು ಫೋನಿನಲ್ಲಿ ಹಾಕಿದಳು. ನಾನು ಹೇಳಿದೆ, ಇದು ನನಗೆ ಮದ್ದು ತಂದ ಹುಡುಗ ಅಂತ."

ಮೋಹನದಾಸನಿಗೆ ಕಲಿತುಬಂದ ಮಾತು ಮರೆತುಹೋಯಿತು. "ಅಮ್ಮಾ, ನಾನು ನಿಮ್ಮನ್ನು ನೋಡ್ಲೇ ಇಲ್ಲ. ಅವನನ್ನು ಮಾತ್ರ ನೋಡಿದೆ."

"ಅವನೂ ನೋಡ್ಲಿಲ್ಲ ಬಿಡು. ಆಗಷ್ಟೇ ಕಣ್ಣಿಗೆ ಮದ್ದು ಬಿಟ್ಟು ಕೂತಿದ್ದೆ. ಇಪ್ಪತ್ತು ಜನ ಅಂಗಳಕ್ಕೆ ನುಗ್ಗಿದ್ರು. 'ಒರೆಸ್ಬೇಡ ಮಗಾ, ಅದು ಮದ್ದು' ಅಂದೆ. ಅವನಿಗೆ ಎಲ್ಲಿ ಕೇಳ್ತದೆ? ಒರೆಸಿಯೇ ಬಿಟ್ಟ. ಪುನಃ ಹಾಕ್ಬೇಕಾಯ್ತು. ಈಗ ಬಾಟ್ಲಿ ಖಾಲಿ."

ಕಾನ್ರಾಡನ ತುಟಿಯಲ್ಲಿ ನಗು ಬಂದು ಹೋಯಿತು.

"ಅಮ್ಮಾ, ನಾನು ಪುನಃ ಹೇಳಿ ಕಳಿಸ್ತೇನೆ. ಈ ಸಲ ಹೆಸರು ಹಾಕಿಯೇ..."

"ಫೋನಿಗೆ ಬೇಡ." ಅವಳು ನಾರನ್ನು ಗಂಟು ಹಾಕಿ, ಹಲ್ಲಿನಿಂದ ತುಂಡು ಮಾಡಿದಳು. "ನಿಮ್ಮಲ್ಲಿ ದೈವದ ಎದುರು ತಪ್ಪುಕಾಣಿಕೆ ಹಾಕುವಾಗ ಹೇಗೆ ಹೇಳ್ತೀರಿ? ಮುಖ ಅಡಗಿಸಿಕೊಂಡಾ?"

"ಇಲ್ಲ. ಎದುರು ನಿಂತು. ಹೆಸರು, ಮನೆಹೆಸರು ಹೇಳಿ."

"ಹಾಗಾದ್ರೆ ಹಾಗೆಯೇ ಹೇಳು. ಭಾನುವಾರ ಏಳೂವರೆಗೆ ಪೂಜೆ. ನೀನು ಬಂದು ನನ್ನ ಜೊತೆ ಇಗರ್ಜಿಯ ಮೆಟ್ಟಿಲವರೆಗೆ ನಡಿ. ಅಲ್ಲಿ ಹೇಳಿದ ಮೇಲೆ ನಾನು ಒಳಗೆ ಹೋಗ್ತೇನೆ. ನೀನು ಬರದಿದ್ರೆ ಸಿಟ್ಟೇನಿಲ್ಲ. ನಾನು ಹೋಗುವುದಿಲ್ಲ, ಅಷ್ಟೆ."

ಫೋನು ಇಟ್ಟ ಮೇಲೆ ಕಾನ್ರಾಡ್ ಲೋಟಗಳನ್ನು ಒಂದರೊಳಗೊಂದು ಸೇರಿಸಿ ಕೆಳಗಿಟ್ಟ. "ಅವಳಿಗೇನು ಗೊತ್ತು? ಭಾನುವಾರ ಅಲ್ಲಿ ನಿಂತು ಹೆಸರು ಹೇಳಿದರೆ ಸೋಮವಾರ ನಿನ್ನ ಹೆಸರು ಎಲ್ಲ ಕಡೆ. ಊರಲ್ಲಿ ನಿನ್ನವರು ಬಿಡುವುದಿಲ್ಲ. ಇಲ್ಲಿ ಆಫೀಸಿಗೆ ಯಾರಾದರೂ ಬರೆದು ಹಾಕಿದರೆ? ನಮ್ಮದು ವೀಸಾದ ಬಾಳು ಮಾರಾಯ. ಹೋಗ್ಬೇಡ. ಅಮ್ಮನಿಗೆ ನಾನು ಹೇಳ್ತೇನೆ."

"ಬೆಳಿಗ್ಗೆ ಕಾರಿಗೆ ಬಾ," ಎಂದು ಎದ್ದ ಮೋಹನದಾಸ್.

ಶುಕ್ರವಾರ ಅವನು ಮ್ಯಾನೇಜರನ ಎದುರು ನಿಂತು ಎರಡು ದಿನ ಹೆಚ್ಚು ರಜೆ ಕೇಳಿದ. ಮಂಗಳವಾರದ ಟಿಕೆಟನ್ನು ಶನಿವಾರಕ್ಕೆ ಬದಲಿಸಿದ. ಶರ್ವಿನ್‌ಗೆ ಒಂದೇ ಸಾಲು ಬರೆದ: 'ಭಾನುವಾರ ಬೆಳಿಗ್ಗೆ ಇಗರ್ಜಿಯ ಹತ್ತಿರ ಇರುತ್ತೇನೆ. ಫೋಟೋ ಬೇಡ.' ಅರ್ಧ ಗಂಟೆಯೊಳಗೆ ಅವನನ್ನು ಗುಂಪಿನಿಂದ ತೆಗೆದಿದ್ದರು. ಫೋನು ಹಗುರವಾದಂತೆ ಇಡೀ ದಿನ ಸುಮ್ಮನಿತ್ತು. ಅದರ ಮೌನಕ್ಕೆ ಒಗ್ಗಿಕೊಳ್ಳಲು ಅವನಿಗೆ ಕಷ್ಟವಾಯಿತು, ಸುಳ್ಳು ಯಾಕೆ.

"ಬಿಳಿ ಅಂಗಿ ಇಸ್ತ್ರಿ ಮಾಡಿ ಇಡ್ಲಾ?" ಎಂದು ಕೋಣೆಯಲ್ಲಿ ಅವನ ಚೀಲ ತುಂಬಿಸುತ್ತಿದ್ದ ಹೆಂಡತಿ ಅಮಿತಾ ಕೇಳಿದಳು.

"ಬೇಡ. ದಿನಾ ಹಾಕುವುದೇ ಸಾಕು."

ಶನಿವಾರ ಮಧ್ಯಾಹ್ನ ಕಾನ್ರಾಡನೇ ಕಾರು ನಡೆಸಿದ. ವಿಮಾನ ನಿಲ್ದಾಣ ದೂರವಿಲ್ಲ. ಆದರೆ ಬಿಸಿಲಿನಲ್ಲಿ ನಿಂತಿದ್ದ ಕಾರು ಒಲೆಯಾಗಿತ್ತು. ದಾರಿಯಲ್ಲಿ ಒಂದು ಫಾರ್ಮಸಿಯ ಎದುರು ನಿಲ್ಲಿಸಿ, ಒಳಗೆ ಹೋಗಿ, ಕಾನ್ರಾಡ್ ನೀಲಿ ಮುಚ್ಚಳದ ಮೂರು ಬಾಟ್ಲಿಗಳನ್ನು ತಂದು ಮೋಹನದಾಸನ ತೊಡೆಯ ಮೇಲಿಟ್ಟ. ಫ್ರಿಜ್ಜಿನಿಂದ ಆಗಷ್ಟೇ ತೆಗೆದದ್ದು. ಪ್ಲಾಸ್ಟಿಕ್ ಚೀಲದ ಹೊರಗೆ ಹನಿ ಕೂತಿತ್ತು. ಐಸಿನ ಚೀಲ ಒಂದೇ ಇತ್ತು, ಅದೂ ಸಣ್ಣದು.

"ತಂಪು ಬಿಡ್ಬಾರದು," ಎಂದ ಕಾನ್ರಾಡ್.

"ಗೊತ್ತುಂಟು."

ರಸ್ತೆ ನೇರ ಇತ್ತು. ಮೋಹನದಾಸ್ ಎದುರು ನೋಡುತ್ತ ಕೂತಿದ್ದ. ಅವನ ತುಟಿಗಳು ಸದ್ದಿಲ್ಲದೆ ಅಲ್ಲಾಡುತ್ತಿದ್ದವು.

"ಎಂಥದು?" ಎಂದ ಕಾನ್ರಾಡ್.

"ಮನೆಹೆಸರು," ಎಂದ ಮೋಹನದಾಸ್. "ಹೇಳದೆ ತುಂಬ ವರ್ಷ ಆಯ್ತು."

ಕಾನ್ರಾಡ್ ಒಂದು ಕೈಯನ್ನು ಸ್ಟಿಯರಿಂಗಿನಿಂದ ತೆಗೆದು, ತನ್ನ ಮುಖಕ್ಕಿದ್ದ ನಡುವಿನ ಕಿಂಡಿಯನ್ನು ಚೀಲದ ಕಡೆ ತಿರುಗಿಸಿದ. ಸ್ವಲ್ಪ ದೂರ ಹೋದ ಮೇಲೆ ಇನ್ನೊಂದನ್ನೂ ತಿರುಗಿಸಿದ. ಗಾಳಿಗೆ ಚೀಲ ಸಣ್ಣಗೆ ಪಟಪಟ ಅಂದಿತು. ಇಬ್ಬರ ಹಣೆಯಿಂದಲೂ ಬೆವರು ಇಳಿಯುತ್ತಿತ್ತು. ಯಾರೂ ಒರೆಸಿಕೊಳ್ಳಲಿಲ್ಲ.