ಅಡಿಕೆ ಬಂದ ದಾರಿ

ಹೊಳಲ್ಕೆರೆಯ ಅಡಿಕೆ ಮಂಡಿ ವ್ಯಾಪಾರಿ ದಾಸಣ್ಣನಿಗೆ ಕಾಲೇಜಿನ ಹಿಸ್ಟರಿ ಮೇಡಂ ಮೇಲೆ ಅನುಮಾನ ಹುಟ್ಟಿದ್ದು, ಊಟಕ್ಕೆ ಕೂತ ಮಗಳು ಆಡಿದ ಒಂದು ಮಾತಿನಿಂದ.

"ಅಪ್ಪಾ, ಅಡ್ಕೆ ನಮ್ಮ ದೇಶದ್ದೇ ಅಲ್ವಂತೆ. ಸಮುದ್ರದಾಚೆಯಿಂದ ಬಂದಿದ್ದಂತೆ. ಅನುಪಮಾ ಮೇಡಂ ಹೇಳಿದ್ರು."

ದಾಸಣ್ಣನ ಕೈಯಲ್ಲಿದ್ದ ಮುದ್ದೆ ಕೈಯಲ್ಲೇ ನಿಂತಿತು. ಮೇಘಶ್ರೀ ಬಿ.ಎ. ಎರಡನೇ ವರ್ಷ. ಏಷ್ಯಾದ ದೇಶಗಳು ಒಂದಕ್ಕೊಂದು ಏನೇನು ಕೊಟ್ಟವು, ಏನೇನು ಪಡೆದವು ಅಂತ ಅದೇನೋ ಪಾಠವಂತೆ. ಚೀನಾದಿಂದ ಪಿಂಗಾಣಿ, ಅರಬರಿಂದ ಕುದುರೆ, ಇಲ್ಲಿಂದ ಬಟ್ಟೆ, ಬುದ್ಧ. ಇರಲಿ, ಯಾರು ಬೇಡ ಅಂದರು? ಆದರೆ ಇಷ್ಟೆಲ್ಲ ಇರುವಾಗ ಆ ಹೆಂಗಸಿಗೆ ಅಡಿಕೆಯೇ ಯಾಕೆ ಬೇಕಾಯಿತು?

"ಯಾರು ತಂದ್ರಂತೆ?"

"ವ್ಯಾಪಾರಸ್ಥರು."

ತುತ್ತು ನೆತ್ತಿಗೆ ಹತ್ತಿತು. ಹೆಂಡತಿ ಅನುಸೂಯ ನೀರು ಕೊಟ್ಟು ಬೆನ್ನು ತಟ್ಟಿದಳು.

ಮುಚ್ಚಿಡುವುದೇನು ಬಂತು, ಹೇಳಿಯೇ ಬಿಡೋಣ. ಗಡಿ ದಾಟಿ ಕದ್ದು ಬಂದ ಬರ್ಮಾ ಅಡಿಕೆಯನ್ನು ತರಿಸಿ, ಇಲ್ಲಿನ ರೈತರ ಅಡಿಕೆಗೆ ಬೆರೆಸಿ, ಉತ್ತರದ ಲಾರಿ ಹತ್ತಿಸುತ್ತಿದ್ದವನು ಈ ದಾಸಣ್ಣ. ಅಲ್ಲಿಯವರು ಮಾಲು ಸರಿಯಿಲ್ಲ ಅಂತ ಲೋಡು ವಾಪಸು ಕಳಿಸಿದ್ದರು. ಇಡೀ ತಾಲ್ಲೂಕಿನ ರೇಟು ಕುಸಿದಿತ್ತು. ಬೆರೆಸಿದವನು ಸಿಕ್ಕರೆ ಅವನ ಮಂಡಿಯಲ್ಲಿ ಒಂದು ಚೀಲವೂ ಇಳಿಸುವುದಿಲ್ಲ ಎಂದು ಬಿ.ದುರ್ಗದ ಬೆಳೆಗಾರ ಜಂಬಣ್ಣ ರೈತರನ್ನು ಕೂಡಿಸಿ ಕೂಗಾಡಿದ್ದ. ಆ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ "ಹೌದು ಮತ್ತೆ!" ಅಂದವನೂ ದಾಸಣ್ಣನೇ. ಎದೆಗಾರಿಕೆ ಅಂದರೆ ಇದಪ್ಪ!

ಮರುದಿನ ಬಸ್‌ಸ್ಟ್ಯಾಂಡಿನ ಟೀ ಅಂಗಡಿ ಕಾಟಪ್ಪನನ್ನು ಹಿಡಿದ.

"ಆ ಕಾಲೇಜು ಮೇಡಂ ಎಲ್ಲಿಯೋರಲೇ?"

"ಹಿರಿಯೂರು ಕಡೆಯೋರಂತೆ. ದಿನಾ ಬಸ್ಸಿಗೆ ಬರ್ತಾರೆ. ಭಾಳ ಒಳ್ಳೇರು."

"ಎಲೆ ಅಡ್ಕೆ ಹಾಕ್ತಾರಾ?"

"ಇಲ್ಲಪ್ಪ. ಆದ್ರೆ ಮೊನ್ನೆ ಒಂದಿಷ್ಟು ಅಡ್ಕೆ ತಗಂಡು ಹೋದ್ರು. ಮಂಡಿ ಸಾಲಿನ ಫೋಟೋನೂ ಹೊಡ್ಕಂಡ್ರು."

ತಿನ್ನದವಳಿಗೆ ಅಡಿಕೆ ಯಾಕೆ? ಫೋಟೋ ಯಾಕೆ? ಒಳ್ಳೆಯವಳು ಅಂದಮೇಲಂತೂ ಮುಗಿದೇ ಹೋಯಿತು. ಗುಟ್ಟು ತಿಳಿಯಲು ಒಳ್ಳೆಯವರನ್ನಲ್ಲದೆ ಇನ್ಯಾರನ್ನು ಕಳಿಸುತ್ತಾರೆ! ಕುಂಬಳಕಾಯಿ ಕಳ್ಳನ ಹೆಗಲಿಗೆ ನೆಮ್ಮದಿ ಎಲ್ಲಿಯದು? ಜಂಬಣ್ಣನ ಮಗ ರಂಗೇಶ್ ಕೂಡ ಮೇಘಶ್ರೀಯ ಕ್ಲಾಸಿನವನೇ ಎಂದು ನೆನಪಾದಾಗ ದಾಸಣ್ಣನಿಗೆ ಎಲ್ಲ ಕೂಡಿಬಂತು. ಜಂಬಣ್ಣ ಹೇಳಿಕೊಟ್ಟಿದ್ದಾನೆ, ಮೇಡಂ ಮಕ್ಕಳ ಬಾಯಿ ಬಿಡಿಸುತ್ತಿದ್ದಾಳೆ.

ಶುಕ್ರವಾರ ವಿದ್ಯಾರ್ಥಿಗಳೇ ಪಾಠ ಮಾಡುವ ದಿನ. ಮನೆಯವರೂ ಬರಬಹುದಂತೆ.

"ನಂದು ಅಡ್ಕೆ ವಿಷಯ. ನೀನು ಬರಬ್ಯಾಡ ಬಿಡಪ್ಪ, ಮಂಡಿ ಕೆಲಸ ಇರ್ತೈತೆ," ಎಂದಳು ಮೇಘಶ್ರೀ.

ಬರಬೇಡ! ಹೊಟ್ಟೆಯಲ್ಲಿ ಹುಟ್ಟಿದ ಮಗಳೂ ಅತ್ತ ಸೇರಿದಳೇ? ದಾಸಣ್ಣ ಇಸ್ತ್ರಿ ಅಂಗಿ ತೊಟ್ಟು ಹೊರಟೇಬಿಟ್ಟ.

"ಬರ್ರಿ ಸರ್, ಕುಂತ್ಕಳ್ರಿ," ಎಂದು ಮೇಡಂ ನಕ್ಕರು. ಆ ನಗುವೂ ಅವನಿಗೆ ಸರಿ ಕಾಣಲಿಲ್ಲ. ಗೋಡೆಯ ಮೇಲೆ ಏಷ್ಯಾದ ನಕ್ಷೆ. ದೂರದ ದ್ವೀಪಗಳಿಂದ ಹೊರಟ ಕೆಂಪು ಗೆರೆಯೊಂದು ಬರ್ಮಾ ತೀರ ಹಾದು ನಮ್ಮ ಕಡೆಗೆ ಬಂದಿತ್ತು. ಗೆರೆಯ ತುದಿಗೆ ಮಂಡಿ ಸಾಲಿನ ಫೋಟೋ ಅಂಟಿಸಿದ್ದರು. ಅದರಲ್ಲಿ ಅವನ ಗೋದಾಮಿನ ಬಾಗಿಲು ಸ್ಪಷ್ಟವಾಗಿ ಕಾಣುತ್ತಿತ್ತು.

ಮೇಘಶ್ರೀ ಚೆನ್ನಾಗಿಯೇ ಹೇಳಿದಳು. ನಮ್ಮಲ್ಲಿ ಶುಭಕಾರ್ಯಕ್ಕೆ ವೀಳ್ಯ ಕೊಡುವ ಹಾಗೆ ಆ ದ್ವೀಪಗಳಲ್ಲೂ ಮದುವೆ ಮಾತಿಗೆ ಎಲೆ ಅಡಿಕೆ ಇಡುತ್ತಾರಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು, ದಾಸಣ್ಣನೊಬ್ಬನ ಕೈ ಏಳಲಿಲ್ಲ. ಆಗ ರಂಗೇಶ್ ಕೇಳಿದ:

"ಮೇಡಂ, ತಂದೋರು ಒಬ್ರಾ, ಸುಮಾರು ಜನಾನಾ?"

"ಒಬ್ಬರಿಂದ ಆಗೋ ಕೆಲಸ ಅಲ್ಲ. ಅವರ ಹೆಸರೂ ನಮಗೆ ಸಿಗಲ್ಲ. ಆದ್ರೆ ದಾರಿ ಹಿಡಿದು ಹೋದ್ರೆ ಯಾರ ಬಾಗಿಲಿಗೆ ಬಂತು ಅನ್ನೋದು ಗೊತ್ತಾಗುತ್ತೆ," ಎನ್ನುತ್ತ ಮೇಡಂ ಆ ಫೋಟೋ ಮೇಲೆ ಬೆರಳಿಟ್ಟರು.

ದಾಸಣ್ಣ ದಡಕ್ಕನೆ ಎದ್ದ. ಫೋಟೋದತ್ತ ಕೈ ಮಾಡಿ ಕೂಗಿದ.

"ಆಗ್ಲಿಂದ ನೋಡ್ತಾ ಇದೀನಿ ಮೇಡಂ! ಬೆರೆಸಿದೋನು ನಾನೊಬ್ನೇ ಏನು? ಬರ್ಮಾ ಲೋಡು ನಮ್ಮ ಮಂಡಿಗೊಂದೇ ಇಳೀತಾ? ಬ್ಯಾರೇರ್ನೂ ಕೇಳ್ರಿ!"

ಮೇಡಂ ಕಣ್ಣುಕಣ್ಣು ಬಿಟ್ಟರು. "ಸರ್... ನಾನು ಎರಡು ಸಾವಿರ ವರ್ಷದ ಹಿಂದಿನ ಮಾತು ಹೇಳ್ತಿದ್ದೆ."

ಅಯ್ಯೋ ಶಿವನೇ! ದಾಸಣ್ಣನಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮೇಡಂ ಪಾಪ, ಅವನ ಮಾನ ಉಳಿಸಲು ನೋಡಿದರು. "ಇವತ್ತಿಗೆ ಸಾಕು, ಎಲ್ಲರೂ ಹೊರಡಿ," ಎಂದರು. ಯಾರೂ ಏಳಲಿಲ್ಲ. ಅರ್ಧ ಕ್ಲಾಸು ಅಡಿಕೆ ಬೆಳೆಯುವವರ ಮಕ್ಕಳೇ. ರಂಗೇಶ್ ದಾಸಣ್ಣನನ್ನು ನೋಡಲಿಲ್ಲ, ಮೇಘಶ್ರೀಯನ್ನು ನೋಡಿದ.

ಅವಳು ಬೆಂಚುಗಳ ನಡುವೆ ನಡೆದು ಅಪ್ಪನ ಮುಂದೆ ಬಂದು ನಿಂತಳು. ಅವಳ ಮುಖ ಕೆಂಪಗಾಗಿತ್ತು.

"ಇವರಿಗೆಲ್ಲ ನಾನು ನಿನ್ ಮ್ಯಾಲೆ ಆಣೆ ಮಾಡಿ ಹೇಳಿದ್ದೆ ಅಪ್ಪಾ," ಎಂದಳು, "ನಮ್ಮಪ್ಪ ಅಂಥೋನಲ್ಲ ಅಂತ."